ದಿವ್ಯಶ್ರೀಗೆ ಸಿಕ್ಕ ಪೋಸ್ಟು

ಫೆಬ್ರುವರಿಯ ಒಂದು ಬುಧವಾರ ಬೆಳಗ್ಗೆ ಐದೂವರೆಗೆ ದಿವ್ಯಶ್ರೀ ಹಾಲು ಕರೆಯದೆ ಮನೆಯಿಂದ ಹೊರಟುಹೋದಳು.

ಮನೆಯವರಿಗೆ ಅದು ಗೊತ್ತಾದದ್ದು ಕೊಟ್ಟಿಗೆಯಲ್ಲಿ ಹಸು ಕೂಗತೊಡಗಿದ ಮೇಲೆ. ಅಜ್ಜಿ ಕಾಳಮ್ಮ ಸೊಂಟಕ್ಕೆ ಕೈಕೊಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಒಳಗೆ ಸೊಸೆ ನೇತ್ರಾವತಿ ರೊಟ್ಟಿ ತಟ್ಟುತ್ತಿದ್ದಳು. ದುಬಾರೆ ಹತ್ತಿರದ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಆರೂಮುಕ್ಕಾಲಿಗೆ ವ್ಯಾನು ಬರುತ್ತಿತ್ತು.

“ನೇತ್ರಾ, ನಿನ್ನ ಮಗಳೆಲ್ಲಿ?”

“ಪ್ರಾಕ್ಟೀಸ್ ಇತ್ತಂತೆ ಅತ್ತೆ. ಇವತ್ತು ಬೇಗ ಬರೋಕೆ ಹೇಳಿದಾರಂತೆ.”

“ಹಸುಗೂ ಹೇಳಿ ಹೋದ್ಳಾ?”

ಕಾಳಮ್ಮನ ಬೆರಳು ವಾತ ಬಂದು ಮಡಚುತ್ತಿರಲಿಲ್ಲ. ಎರಡು ವರ್ಷದಿಂದ ಬೆಳಗ್ಗೆಯ ಹಾಲು ದಿವ್ಯಶ್ರೀಯದೇ ಕೆಲಸ. ಅವಳ ಅಪ್ಪ ಮಲ್ಲಪ್ಪ ಶುಂಠಿ ಕೀಳುವ ಆಳುಗಳು ಬಂದು ನಿಂತಿದ್ದರೂ ಚೊಂಬು ಹಿಡಿದು ಕೊಟ್ಟಿಗೆಗೆ ಹೋದ. ಹಸು ಒದೆಯಿತು. ಇನ್ನೊಮ್ಮೆ ಕೂತು, ಅರ್ಧಂಬರ್ಧ ಕರೆದು, ಅವನ ಮಗ ಸುದೀಪ ಕ್ಯಾನು ತೆಗೆದುಕೊಂಡು ಸೈಕಲ್ ತುಳಿದು ಡೈರಿಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ಆ ದಿನದ ಹಾಲೆಲ್ಲ ಹೆಪ್ಪಿಗೆ ಹೋಯಿತು.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ತಾತ ತಿಮ್ಮಯ್ಯ ಶುರುಮಾಡಿದ. ಅರಕಲಗೂಡು ಕಡೆಯಿಂದ ಹೆಂಡತಿಯನ್ನು ಕರೆದುಕೊಂಡು ಬಂದು, ಹಾರಂಗಿ ನಾಲೆಯ ಬದಿಯಲ್ಲಿ ಜಮೀನು ಮಾಡಿದವನು ಅವನು. ಮನೆಯಲ್ಲಿ ಈಗಲೂ ಅವನ ಮಾತೇ ಕೊನೆಯದು.

“ಬಾರವ್ವ ಆಟಗಾರ್ತಿ. ನಾಳೆ ಹಾಲು ಯಾರು ಕರೀಬೇಕು? ನಿಮ್ಮ ಮೇಷ್ಟ್ರಾ?”

“ಒಂದಿನ ತಾತ. ಮುಂದಿನ ತಿಂಗಳು ಮಡಿಕೇರಿಲಿ ಸೆಲೆಕ್ಷನ್ ಇದೆ, ಅದಕ್ಕೆ...”

“ಕೊಡಗಲ್ಲಿದ್ದು ಆಟ ಆಡೋದಾದ್ರೆ ಹಾಕಿ ಆಡು. ಜನ ನಿಂತು ನೋಡ್ತಾರೆ. ಬುಟ್ಟಿಗೆ ಚೆಂಡು ಹಾಕೋದು ಯಾವ ಆಟ? ಅದೂ ತಳ ಇಲ್ಲದ ಬುಟ್ಟಿ!”

“ತಳ ಇದ್ರೆ ಪ್ರತಿಸಲ ಚೆಂಡು ತೆಗೆಯೋಕೆ ಏಣಿ ಹಾಕ್ಬೇಕು ತಾತ” ಎಂದ ಸುದೀಪ. ಅವನು ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದ.

“ನೀನು ಬಾಯ್ಮುಚ್ಕೊಂಡು ಉಣ್ಲಾ.”

ದಿವ್ಯಶ್ರೀ ಎರಡನೇ ಮುದ್ದೆಗೆ ತಟ್ಟೆ ಮುಂದೆ ಮಾಡಿದಳು. ಕಾಳಮ್ಮ ಹಾಕಿದಳು. ಹಾಕುತ್ತಾ, “ಉಣ್ಣೋದ್ರಲ್ಲಿ ಗಂಡುಮಕ್ಕಳನ್ನ ಸೋಲಿಸ್ತಾಳೆ, ಉದ್ದದಲ್ಲಿ ಬಾಗಿಲನ್ನ ಸೋಲಿಸ್ತಾಳೆ. ಇವಳಿಗೆ ಗಂಡು ಎಲ್ಲಿ ಹುಡುಕೋದೋ” ಎಂದಳು.

“ಅವಳಿಗಿನ್ನೂ ಹದಿನಾಲ್ಕು ಅತ್ತೆ” ಎಂದಳು ನೇತ್ರಾವತಿ.

“ಅದಕ್ಕೇ ಭಯ. ಇನ್ನೂ ಬೆಳೀತಾಳೆ.”

“ನಾಳೆಯಿಂದ ಬೆಳಗಿನ ಆಟ ಬಂದ್” ಎಂದ ತಿಮ್ಮಯ್ಯ. ಮಲ್ಲಪ್ಪ ತಲೆ ಎತ್ತಲಿಲ್ಲ. ಅಪ್ಪ ಹೇಳಿದ ಮೇಲೆ ಅವನು ಮಾತಾಡುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ದಿವ್ಯಶ್ರೀ ಮೂರು ಬೆಳಗ್ಗೆ ಮೈದಾನಕ್ಕೆ ಬರದಿದ್ದಾಗ ಅವಳ ಶಾಲೆಯ ದೈಹಿಕ ಶಿಕ್ಷಕ ದೇರಪ್ಪ ಭಾನುವಾರ ಸ್ಕೂಟರ್ ಹತ್ತಿ ಮನೆಗೇ ಬಂದರು. ಅವರು ಮಡಿಕೇರಿ ಕಡೆಯ ಅರೆಭಾಷೆ ಗೌಡರು. ಕಾಲೇಜಿನಲ್ಲಿ ತಾವು ಆಡಿದ್ದ ಬ್ಯಾಸ್ಕೆಟ್‌ಬಾಲನ್ನು ಶಾಲೆಯ ಹಳೇ ಸಿಮೆಂಟು ಅಂಗಳದಲ್ಲಿ ಗೆರೆ ಎಳೆದು, ಕಂಬ ನೆಡಿಸಿ ಮಕ್ಕಳಿಗೆ ಕಲಿಸುತ್ತಿದ್ದರು. ಕಾಫಿ ಕುಡಿದು, ಜೇಬಿನಿಂದ ಟೇಪು ತೆಗೆದರು.

“ದಿವ್ಯಾ, ಗೋಡೆಗೆ ಒರಗಿ ನಿಲ್ಲು.”

ಹುಡುಗಿ ಐದಡಿ ಎಂಟು ಇಂಚು ಇದ್ದಳು. ಆಮೇಲೆ ಮಲ್ಲಪ್ಪನನ್ನು ನಿಲ್ಲಿಸಿದರು, ನೇತ್ರಾವತಿಯನ್ನು ನಿಲ್ಲಿಸಿದರು. ಕೊನೆಗೆ ಕಂಬದ ಬುಡದಲ್ಲಿ ಕೂತಿದ್ದ ಕಾಳಮ್ಮನ ಕಡೆ ತಿರುಗಿದರು.

“ಅಜ್ಜಿ, ನೀವೂ ಬನ್ನಿ.”

“ನನ್ನನ್ನೂ ಆಟಕ್ಕೆ ಸೇರಿಸ್ಕೋತೀರಾ ಮೇಷ್ಟ್ರೆ?”

“ಮೊಮ್ಮಗಳು ಯಾರ ಎತ್ತರ ತಗೊಂಡಿದ್ದಾಳೆ ಅಂತ ನೋಡ್ಬೇಕು. ಬೆನ್ನು ನೇರ ಮಾಡಿ.”

“ನೇರ ಮಾಡೋ ಅಭ್ಯಾಸ ತಪ್ಪೋಗಿದೆ. ಎಲ್ಲಿ ಹೋದ್ರೂ ಬಗ್ಗು ಬಗ್ಗು ಅಂತಿದ್ರು. ನಮ್ಮ ಮದುವೇಲಿ ಧಾರೆಗೆ ನಿಂತಾಗ ಇವರ ಕಾಲಡಿಗೆ ಎರಡು ಮಣೆ ಇಟ್ಟಿದ್ರು.”

“ಒಂದೇ ಮಣೆ” ಎಂದ ತಿಮ್ಮಯ್ಯ.

“ಎರಡು. ಮೇಲಿಂದು ಅಲ್ಲಾಡ್ತಿತ್ತು. ನನ್ನ ಸೆರಗು ಹಿಡ್ಕೊಂಡು ನಿಂತಿದ್ರಿ.”

ಸುದೀಪ ನಗು ತಡೆಯಲಾರದೆ ಹಿತ್ತಲಿಗೆ ಹೋದ. ದೇರಪ್ಪ ಟೇಪು ಸುತ್ತಿಕೊಂಡು ತಿಮ್ಮಯ್ಯನ ಎದುರು ಕೂತರು.

“ನೋಡಿ ತಾತ, ಇವಳು ಇನ್ನೂ ಎರಡು ಮೂರು ಇಂಚು ಬೆಳೀತಾಳೆ. ಪೋಸ್ಟ್‌ಗೆ ಇಂಥ ಹುಡುಗಿ ಇಡೀ ಜಿಲ್ಲೆಲಿ ಇಲ್ಲ ಮಾರಾಯ್ರೆ. ಮಾರ್ಚ್ ಕೊನೆಗೆ ಮಡಿಕೇರಿಗೆ ಸೆಲೆಕ್ಟರ್‌ಗಳು ಬರ್ತಾರೆ. ಅವರು ಒಪ್ಪಿದ್ರೆ ಜೂನ್‌ನಲ್ಲಿ ಮೈಸೂರಿನ ಸ್ಪೋರ್ಟ್ಸ್ ಹಾಸ್ಟೆಲ್. ಅಲ್ಲೇ ಶಾಲೆ, ಅಲ್ಲೇ ಟ್ರೈನಿಂಗ್. ಪೋಸ್ಟ್‌ಗೇ ತಯಾರು ಮಾಡ್ತಾರೆ.”

“ಪೋಸ್ಟ್‌ಗೇನಾ?”

“ಪೋಸ್ಟ್‌ಗೇ. ಇವಳನ್ನ ಬೇರೆಲ್ಲೂ ಹಾಕುದಿಲ್ಲ.”

“ಸರ್ಕಾರದ್ದಾ?”

“ಪೂರಾ ಸರ್ಕಾರದ್ದೇ.”

ತಿಮ್ಮಯ್ಯ ಗೇಟಿನವರೆಗೂ ಹೋಗಿ ಮೇಷ್ಟ್ರನ್ನು ಬೀಳ್ಕೊಟ್ಟ. ಅಲ್ಲಿ ಇನ್ನೊಂದು ಪ್ರಶ್ನೆ ಕೇಳಿದ. “ಓಟ ಇರುತ್ತಾ ಮೇಷ್ಟ್ರೆ?”

“ಓಟ ಇಲ್ಲದೆ ಹೇಗೆ? ಓಟವೇ ಮುಖ್ಯ.”

ದೇರಪ್ಪ ಹೇಳಿದ ಪೋಸ್ಟ್ ಆಟದ ಅಂಗಳದಲ್ಲಿ ಒಂದು ಜಾಗ. ಬುಟ್ಟಿಯ ಹತ್ತಿರ, ಅದಕ್ಕೆ ಬೆನ್ನು ಹಾಕಿ, ತಂಡದ ಎತ್ತರದ ಆಟಗಾರ್ತಿ ನಿಲ್ಲುವ ಜಾಗ. ತಿಮ್ಮಯ್ಯನಿಗೆ ಗೊತ್ತಿದ್ದ ಪೋಸ್ಟ್ ಸರ್ಕಾರಿ ನೌಕರಿ. ಮೂರು ವರ್ಷದ ಹಿಂದೆ ಅದೇ ಊರಿನ ಚೆನ್ನಯ್ಯನ ಮಗ ಪೊಲೀಸ್ ಆಯ್ಕೆಗೆ ಹೋಗಿದ್ದ. ಓಡಿಸಿದ್ದರು, ಎತ್ತರ ಅಳೆದಿದ್ದರು, ಚೂರು ಕಡಿಮೆ ಎಂದು ವಾಪಸ್ ಕಳಿಸಿದ್ದರು. ಆ ಸಂಗತಿಯನ್ನು ಚೆನ್ನಯ್ಯ ಊರೆಲ್ಲ ಹೇಳಿಕೊಂಡಿದ್ದ. ಟೇಪು, ಓಟ, ಸರ್ಕಾರ, ಟ್ರೈನಿಂಗ್, ಪೋಸ್ಟ್. ತಿಮ್ಮಯ್ಯನಿಗೆ ಬೇರೆ ಯಾವ ಅನುಮಾನವೂ ಬರಲಿಲ್ಲ.

ಮಾರನೇ ದಿನ ದಿವ್ಯಶ್ರೀ ಚೊಂಬು ಹುಡುಕುತ್ತಿದ್ದಾಗ ತಾತ ಆಗಲೇ ಕೊಟ್ಟಿಗೆಯಲ್ಲಿ ಕೂತಿದ್ದ.

“ನೀನು ಹೋಗವ್ವ, ಓಡೋಗು. ಹೊತ್ತಾಯ್ತದೆ.”

ಮೊದಲ ವಾರ ಹಸು ಅವನನ್ನೂ ಒದೆಯಿತು. ಎರಡನೇ ವಾರಕ್ಕೆ ಒಗ್ಗಿಕೊಂಡಿತು. ಬೆಳಗ್ಗೆ ಹುಡುಗಿಗೆ ಎರಡು ಮೊಟ್ಟೆ ಬೇಯಿಸಿಡಬೇಕೆಂದು ಅಪ್ಪಣೆಯಾಯಿತು. ಗೊಬ್ಬರ ಬಾಚುವುದು, ಸಂಜೆ ಪಾತ್ರೆ ತೊಳೆಯುವುದು ಸುದೀಪನ ಪಾಲಿಗೆ ಬಂತು.

“ನಂಗೂ ಒಂದು ಪೋಸ್ಟ್ ಕೊಡಿಸಿ ತಾತ. ಪಾತ್ರೆದು ಬಿಟ್ಟು ಬೇರೆ ಯಾವ್ದಾದ್ರೂ.”

“ಕಾಲು ಉದ್ದ ಬೆಳೆಸ್ಕೋ, ಕೊಡಿಸ್ತೀನಿ.”

ಪೊಲೀಸ್ ಎಂಬ ಮಾತು ಮೊದಲು ಹೊರಬಂದದ್ದು ಒಂದು ರಾತ್ರಿ ಊಟದ ಹೊತ್ತಿನಲ್ಲಿ. ಹುರುಳಿಕಾಳಿನ ಸಾರು ಸುರಿದುಕೊಳ್ಳುತ್ತಾ ತಿಮ್ಮಯ್ಯ ಮಗನಿಗೆ ಹೇಳಿದ: “ಮೊದ್ಲು ಕಾನ್‌ಸ್ಟೇಬಲ್ ಆಗ್ಲಿ ಕಣ್ಲಾ. ಎಸ್‌ಐ ಪರೀಕ್ಷೆ ಆಮೇಲೆ ಬರಕೊಳ್ಳಲಿ.”

ಮಲ್ಲಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ನೇತ್ರಾವತಿ ನೀರು ತರುವ ನೆಪದಲ್ಲಿ ಎದ್ದು ಹೋದಳು.

ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದಿವ್ಯಶ್ರೀ ಕೇಳಿದಳು: “ಅಮ್ಮ, ತಾತ ನಂಗೆ ಪೊಲೀಸ್ ಕೆಲಸ ಸಿಕ್ತು ಅಂದ್ಕೊಂಡಿದಾರೆ.”

“ಗೊತ್ತು.”

“ಹೇಳ್ಬೇಕಲ್ವಾ?”

“ಹೇಳು. ಹೇಳಿ ನಾಳೆಯಿಂದ ಹಾಲು ನೀನೇ ಕರಿ.” ನೇತ್ರಾವತಿ ಸೀರೆಯನ್ನು ಹಿಂಡಿ ತಂತಿಗೆ ಹಾಕಿದಳು. “ನಾನು ಬಂದ ಮೇಲೆ ಈ ಮನೇಲಿ ಹೆಣ್ಣುಮಗಳಿಗೆ ಅಂತ ಮೊಟ್ಟೆ ಬೆಂದಿದ್ದು ಇದೇ ಮೊದ್ಲು. ಸೆಲೆಕ್ಷನ್ ಆಗ್ಲಿ, ನಾನೇ ಹೇಳ್ತೀನಿ.”

“ಬೈತಾರೆ.”

“ನನ್ನ ಬೈಲಿ. ನೀನು ಹೋಗಿ ಆಡು.”

ಅಪ್ಪನನ್ನು ಕೇಳಿದಾಗ ಅವನು, “ನಂಗೇನೂ ಗೊತ್ತಿಲ್ಲವ್ವ” ಎಂದು ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋದ.

ದೇರಪ್ಪನ ಕಷ್ಟ ಬೇರೆ ಇತ್ತು. ಹುಡುಗಿಗೆ ಎತ್ತರವಿತ್ತು, ಕೈಯಲ್ಲಿ ಚೆಂಡು ನಿಲ್ಲುತ್ತಿತ್ತು, ಒಂದು ಕಾಲು ಊರಿ ಅದರ ಮೇಲೇ ತಿರುಗುವುದನ್ನು ಒಂದೇ ವಾರದಲ್ಲಿ ಕಲಿತಿದ್ದಳು. ಆದರೆ ಯಾರಾದರೂ ಮೈಗೆ ತಾಗಿದರೆ ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಒಮ್ಮೊಮ್ಮೆ “ಸಾರಿ” ಎಂದೂ ಅನ್ನುತ್ತಿದ್ದಳು. ಅವರು ಗೋಣಿಚೀಲಕ್ಕೆ ಹೊಟ್ಟು ತುಂಬಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಬೆನ್ನಿಗೆ ಒತ್ತಿ ತಳ್ಳುತ್ತಿದ್ದರು.

“ಸರಿದೆ ನೋಡು! ಯಾಕೆ ಸರಿದೆ?”

“ನೀವು ತಳ್ಳಿದ್ರಿ ಸರ್.”

“ತಳ್ಳುದೇ ಆಟ. ಮನೇಲಿ ಬಾಗಿಲ ಹತ್ರ ನಿಂತು ಎಲ್ಲರಿಗೂ ದಾರಿ ಬಿಡ್ತೀಯಲ್ಲ, ಅದಲ್ಲ ಇದು. ಈ ಜಾಗ ನಿಂದು. ಮಂಡಿ ಬಗ್ಗಿಸು, ಬೆನ್ನು ಕೊಡು, ಇಲ್ಲೇ ಇರು.”

ಮಾರ್ಚ್ ಮಧ್ಯದ ಹೊತ್ತಿಗೆ ಅವಳು ಚೀಲವನ್ನೂ ಮೇಷ್ಟ್ರನ್ನೂ ಹಿಂದಕ್ಕೆ ಒತ್ತತೊಡಗಿದಳು.

ಅಷ್ಟರಲ್ಲಿ ತಿಮ್ಮಯ್ಯ ಕುಶಾಲನಗರದ ಮಂಗಳವಾರದ ಸಂತೆಯಲ್ಲಿ, ಕಾಯಂ ಕೂರುವ ಚಹಾ ಅಂಗಡಿಯಲ್ಲಿ, ಸುದ್ದಿ ಹೇಳಿಬಿಟ್ಟಿದ್ದ. ಚೆನ್ನಯ್ಯ ಲೋಟ ಕೆಳಗಿಟ್ಟು ಕೇಳಿದ: “ಎಷ್ಟು ಕೊಟ್ಟೆ?”

“ಒಂದು ಬಿಡಿಗಾಸಿಲ್ಲ. ಎತ್ತರ ನೋಡಿ ಅವರೇ ಕೊಟ್ರು.”

ಚೆನ್ನಯ್ಯ ಮತ್ತೆ ಲೋಟ ಎತ್ತಲಿಲ್ಲ. ಚಹಾ ಅಲ್ಲೇ ಬಿಟ್ಟು ಎದ್ದು ಹೋದ. ತಿಮ್ಮಯ್ಯ ಇದನ್ನು ಮನೆಯಲ್ಲಿ ಎರಡೆರಡು ಸಲ ಹೇಳಿದ.

ಸೆಲೆಕ್ಷನ್ ಮಾರ್ಚ್ ಕೊನೆಯ ಭಾನುವಾರ ಇತ್ತು. ಮಲ್ಲಪ್ಪನಿಗೆ ಬಿತ್ತನೆ ಶುಂಠಿ ಆರಿಸುವ ಕೆಲಸ, ನೇತ್ರಾವತಿಗೆ ರಜೆ ಸಿಕ್ಕಲಿಲ್ಲ. ತಿಮ್ಮಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಿತ್ತಲಿನ ಬಾಳೆಯ ಎರಡು ಚಿಪ್ಪು ಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಮೊಮ್ಮಕ್ಕಳ ಜತೆ ಮಡಿಕೇರಿ ಬಸ್ಸು ಹತ್ತಿದ.

“ಹಣ್ಣು ಯಾಕೆ ತಾತ?” ಎಂದ ಸುದೀಪ.

“ಸಾಹೇಬರನ್ನ ನೋಡೋಕೆ ಬರಿಗೈಲಿ ಹೋಗ್ತಾರೇನ್ಲಾ?”

ಸುದೀಪ ತಂಗಿಯ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿದಳು.

ಅಂಗಳದ ಮೆಟ್ಟಿಲ ಮೇಲೆ ಕೂತು ತಿಮ್ಮಯ್ಯ ಜೀವಮಾನದಲ್ಲಿ ಮೊದಲ ಸಲ ಆ ಆಟ ನೋಡಿದ. ಹುಡುಗಿಯರು ಓಡುತ್ತಿದ್ದರು, ಸೀಟಿ ಕೇಳಿದರೆ ನಿಲ್ಲುತ್ತಿದ್ದರು, ಮತ್ತೆ ಓಡುತ್ತಿದ್ದರು. ದಿವ್ಯಶ್ರೀ ಮಾತ್ರ ಬುಟ್ಟಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ವಿರಾಜಪೇಟೆ ಕಡೆಯ ದಪ್ಪನೆಯ ಹುಡುಗಿಯೊಬ್ಬಳು ಹಿಂದಿನಿಂದ ಸೊಂಟಕ್ಕೆ ಮಂಡಿ ಕೊಟ್ಟು, ಬೆನ್ನಿಗೆ ಮೊಣಕೈ ಒತ್ತಿ ಅವಳನ್ನು ತಳ್ಳುತ್ತಿದ್ದಳು.

“ಏಯ್, ಗುದ್ದುತಾವ್ಳೆ ಕಣ್ಲಾ! ಕೇಳೋರು ಯಾರಿಲ್ವಾ?”

“ಅದು ಅಷ್ಟೇ ತಾತ. ಅವಳು ಸರಿಯಲ್ಲ, ನೋಡಿ.”

ದಿವ್ಯಶ್ರೀ ಸರಿಯಲಿಲ್ಲ. ಮಂಡಿ ಬಗ್ಗಿಸಿ, ಕೈ ಎತ್ತಿ ಚೆಂಡು ಕೇಳಿದಳು, ಹಿಡಿದಳು, ಒಂದು ಕಾಲಿನ ಮೇಲೆ ತಿರುಗಿ ಹಾಕಿದಳು. ಮೆಟ್ಟಿಲ ಮೇಲಿದ್ದವರು ಚಪ್ಪಾಳೆ ತಟ್ಟಿದರು. ತಿಮ್ಮಯ್ಯ ಸುತ್ತಲೂ ನೋಡಿ, ಆಮೇಲೆ ತಾನೂ ತಟ್ಟಿದ.

ಮಧ್ಯಾಹ್ನ ದೇರಪ್ಪ ಓಡಿಬಂದರು. “ಆಯ್ತು ತಾತ! ಇವಳನ್ನ ತಗೊಂಡ್ರು!”

ತಿಮ್ಮಯ್ಯ ಬಾಳೆಹಣ್ಣಿನ ಚೀಲ ಹಿಡಿದುಕೊಂಡು ನೇರವಾಗಿ ಆಯ್ಕೆದಾರರ ಮೇಜಿಗೆ ಹೋದ. ಅಲ್ಲಿ ಟ್ರ್ಯಾಕ್‌ಸೂಟ್ ಹಾಕಿದ್ದ ಒಬ್ಬ ಹೆಂಗಸು ಕೂತಿದ್ದಳು. ಕೈಮುಗಿದು ಹೇಳಿದ: “ಮೇಡಂ, ದೊಡ್ಡ ಉಪಕಾರ ಆಯ್ತು. ಆರ್ಡರ್ ಯಾವಾಗ ಬತ್ತದೆ? ಟ್ರೈನಿಂಗ್ ಮುಗಿದ ಮೇಲೆ ಕುಶಾಲನಗರ ಸ್ಟೇಷನ್‌ಗೇ ಹಾಕಿಸ್ಕೊಡಿ, ಮನೆಗೆ ಹತ್ರ ಆಯ್ತದೆ.”

“ಯಾವ ಸ್ಟೇಷನ್?”

“ಪೊಲೀಸ್ ಸ್ಟೇಷನ್.”

ಮೊದಲು ನಕ್ಕವರು ದೇರಪ್ಪ. ಅಕ್ಕಪಕ್ಕದ ಮೇಷ್ಟ್ರುಗಳೂ ನಕ್ಕರು. ಆಮೇಲೆ ದೇರಪ್ಪ ತಿಮ್ಮಯ್ಯನ ಮುಖ ನೋಡಿದರು. ನಗು ನಿಲ್ಲಿಸಿ, ಅವನ ತೋಳು ಹಿಡಿದು ಬುಟ್ಟಿಯ ಕೆಳಗೆ ಕರೆದುಕೊಂಡು ಹೋಗಿ ನೆಲ ತೋರಿಸಿದರು.

“ಇದು ತಾತ. ಇದಕ್ಕೆ ನಾವು ಪೋಸ್ಟ್ ಅನ್ನುದು.”

“ಇದಾ?”

“ಇದೇ.”

“ಇಲ್ಲಿ ನಿಂತ್ಕೊಳ್ಳೋದಾ?”

“ಇಲ್ಲಿ ನಿಂತ್ಕೊಳ್ಳುದು.”

ತಿಮ್ಮಯ್ಯ ಆ ಜಾಗ ಸ್ವಲ್ಪ ಹೊತ್ತು ನೋಡಿದ. ಹಣ್ಣಿನ ಚೀಲವನ್ನು ಅಲ್ಲೇ ಆಟಗಾರ್ತಿಯರ ಬೆಂಚಿನ ಮೇಲಿಟ್ಟು ಬಸ್ ನಿಲ್ದಾಣಕ್ಕೆ ನಡೆದ. ಸುಂಟಿಕೊಪ್ಪದಲ್ಲಿ ಬಸ್ಸು ನಿಂತಾಗ ಸುದೀಪ ಇಳಿದು ಕಡಲೆಕಾಯಿ ತಂದು ಕೊಟ್ಟ. ತಾತ ಕೈ ನೀಡಲಿಲ್ಲ.

ಮನೆ ಮುಟ್ಟಿದ್ದೇ ಎಲ್ಲರನ್ನೂ ಕರೆದ.

“ಯಾರ್ಯಾರಿಗೆ ಗೊತ್ತಿತ್ತು?”

“ನಂಗೊತ್ತಿತ್ತು ಮಾವ” ಎಂದಳು ನೇತ್ರಾವತಿ. “ದಿವ್ಯಾ ಆವತ್ತೇ ಹೇಳ್ತೀನಿ ಅಂದ್ಳು. ನಾನೇ ಬೇಡ ಅಂದೆ.”

“ನಿಂಗೆ?”

ಮಲ್ಲಪ್ಪ ನೆಲ ನೋಡಿದ. “ಹ್ಞೂಂ.”

“ಇವನಿಗಂತೂ ಗೊತ್ತಿದ್ದೇ ಇರ್ತದೆ. ಬಸ್ಸಲ್ಲಿ ಕಡಲೆಕಾಯಿ ಕೊಡೋಕೆ ಬಂದ.” ತಿಮ್ಮಯ್ಯ ಹೆಂಡತಿಯ ಕಡೆ ತಿರುಗಿದ. “ನೋಡಿದ್ಯಾ? ನಮ್ಮಿಬ್ಬರನ್ನ ಬಿಟ್ಟು ಮನೆಗೆಲ್ಲ ಗೊತ್ತು.”

“ನಿಮ್ಮೊಬ್ಬರನ್ನ ಬಿಟ್ಟು” ಎಂದಳು ಕಾಳಮ್ಮ. “ಹದಿನಾಲ್ಕು ವರ್ಷದ ಹುಡುಗಿಗೆ ಯಾರು ಪೊಲೀಸ್ ಕೆಲಸ ಕೊಡ್ತಾರೆ?”

“ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?”

“ನೀವು ಕೊಟ್ಟಿಗೆಗೆ ಹೋಗ್ತಿದ್ರಿ. ಮದುವೆಯಾದ ಮೇಲೆ ಮೊದಲ ಸಲ. ನಾನ್ಯಾಕೆ ಕೆಡಿಸ್ಲಿ?”

“ನಾನು ಸಂತೆಲೆಲ್ಲ ಹೇಳಿದೀನಿ! ಆ ಚೆನ್ನಯ್ಯನ ಮುಂದೆ ಹೇಳಿದೀನಿ!”

“ಹೇಳಿ ಅಂತ ನಾವಂದ್ವಾ?”

“ಆಯ್ತು. ಮೈಸೂರು ಗೀಸೂರು ಏನೂ ಇಲ್ಲ. ಆಟನೂ ಇಲ್ಲ. ಮುಗೀತು.”

ದಿವ್ಯಶ್ರೀ ಬಾಗಿಲ ಹತ್ತಿರ ನಿಂತಿದ್ದಳು. “ತಾತ, ನಂಗೆ ಹೋಗ್ಬೇಕು” ಎಂದಳು. ಅವಳು ತಾತನಿಗೆ ಎದುರು ಹೇಳಿದ ಮೊದಲ ಮಾತು ಅದು. ತಿಮ್ಮಯ್ಯ ಎದ್ದು ಹಿತ್ತಲಿಗೆ ಹೋದ. ಆ ಸಂಜೆ ಊಟವನ್ನೂ ಮಾಡಲಿಲ್ಲ.

ಮಾರನೇ ದಿನದಿಂದ ಹಾಲು ಮತ್ತೆ ದಿವ್ಯಶ್ರೀಯದಾಯಿತು. ಮೊಟ್ಟೆಗಳು ಬುಟ್ಟಿಯಲ್ಲಿ ಉಳಿದವು. ತಿಮ್ಮಯ್ಯ ಎರಡು ಮಂಗಳವಾರ ಸಂತೆಗೆ ಹೋಗಲಿಲ್ಲ. ಮೈಗೆ ಹುಷಾರಿಲ್ಲ ಎಂದ. ಹೊಸ ಶುಂಠಿ ನೆಡಲು ಮಡಿ ಮಾಡುವ ಕೆಲಸದಲ್ಲಿ ಅವನು ಮಗನ ಪಕ್ಕದಲ್ಲೇ ದಿನವಿಡೀ ದುಡಿದ. ಮಲ್ಲಪ್ಪನ ಜತೆ ಒಂದು ಮಾತೂ ಆಡಲಿಲ್ಲ.

ಏಪ್ರಿಲ್ ಮಧ್ಯದಲ್ಲಿ ದೇರಪ್ಪ ಮತ್ತೆ ಬಂದರು. ಅಂಗಳದಲ್ಲಿ ನಿಂತೇ ಮಾತಾಡಿದರು.

“ತಿಂಗಳ ಕೊನೆಯೊಳಗೆ ಒಪ್ಪಿಗೆ ಹೇಳ್ಬೇಕು ತಾತ. ಇಲ್ಲದಿದ್ರೆ ಆ ಸೀಟು ಬೇರೆ ಹುಡುಗಿಗೆ ಹೋಗ್ತದೆ.”

“ಹೋಗ್ಲಿ. ಆಟ ಆಡಿ ಇವಳೇನಾಗ್ತಾಳೆ ಹೇಳಿ?”

“ಗೊತ್ತಿಲ್ಲ” ಎಂದರು ದೇರಪ್ಪ. “ಮಂಡಿ ಹೋಗ್ಬಹುದು. ಒಂದು ವರ್ಷ ನೋಡಿ ವಾಪಸ್ ಕಳಿಸ್ಬಹುದು. ಚೆನ್ನಾಗಿ ಆಡಿದ್ರೆ ರಾಜ್ಯದ ತಂಡಕ್ಕೆ ಹೋಗ್ಬಹುದು. ಈ ಸಲ ಬಿಡಿಸಿ ಹೇಳ್ತಿದ್ದೇನೆ, ಆಮೇಲೆ ನಾನು ಏನೋ ಕೊಡಿಸ್ತೇನೆ ಅಂದೆ ಅನ್ಬೇಡಿ.”

“ನಿಮ್ಮ ಹತ್ರನೇ ಆಡ್ಕೊಂಡಿರ್ಲಿ. ಹಾಲು ಕರೆದು ಬತ್ತಾಳೆ.”

“ನನಗೆ ಗೊತ್ತಿದ್ದದ್ದು ಮುಗೀತು ಮಾರಾಯ್ರೆ. ಇವಳ ಎತ್ತರದ ಇನ್ನೊಂದು ಹುಡುಗಿ ಈ ಸುತ್ತಿನಲ್ಲಿ ಇಲ್ಲ. ಗೋಣಿಚೀಲದ ಜತೆ ಎಷ್ಟು ದಿನ ಆಡ್ತಾಳೆ?”

ಮೇಷ್ಟ್ರು ಹೋದ ಮೇಲೆ ಕಾಳಮ್ಮ ಮಧ್ಯಾಹ್ನದ ಅನ್ನ ಬಡಿಸಿದಳು. ಮಜ್ಜಿಗೆ ಹಾಕುವಾಗ ಮಾತು ತೆಗೆದಳು.

“ಸುದೀಪನ್ನ ಡಿಪ್ಲೊಮಾಗೆ ಸೇರಿಸುವಾಗ ಯಾವ ಪೋಸ್ಟ್ ಅಂತ ಕೇಳಿದ್ರಾ?”

“ಅದು ಓದು.”

“ಓದಿದ್ರೆ ಪೋಸ್ಟ್ ಸಿಗ್ತದೆ ಅಂತ ಯಾರಾದ್ರೂ ಆರ್ಡರ್ ಕೊಟ್ಟಿದ್ರಾ? ಗೊತ್ತಿಲ್ಲದೇ ತಾನೆ ಕಳಿಸಿದ್ದು? ಇವಳಿಗೊಬ್ಬಳಿಗೆ ಮೊದ್ಲೇ ಆರ್ಡರ್ ಬೇಕಾ?”

“ಮನೆ ಕೆಲಸ?”

“ಒಂದೂವರೆ ತಿಂಗಳು ಹೆಂಗೆ ನಡೀತು?”

ತಿಮ್ಮಯ್ಯ ಮಜ್ಜಿಗೆ ಕುಡಿದು ಎದ್ದ. ಜಗಲಿಯಲ್ಲಿ ಕೂತಿದ್ದ ಮಲ್ಲಪ್ಪ, ಅಪ್ಪನ ಕಡೆ ನೋಡದೆ, “ಅಪ್ಪ, ನೀನು ಹ್ಞೂಂ ಅನ್ನದಿದ್ರೂ ನಾನು ಕರ್ಕೊಂಡು ಹೋಗಿ ಬಿಡ್ತೀನಿ” ಎಂದ.

“ನಿಂಗೂ ಬಾಯಿ ಬಂತಾ?”

“ಬಂತು.”

ಮುಂದಿನ ಮಂಗಳವಾರ ತಿಮ್ಮಯ್ಯ ಸಂತೆಗೆ ಹೊರಟ. ಬಿತ್ತನೆ ಮುಗಿದು ಮಿಕ್ಕ ಶುಂಠಿ ಒಂದು ಮೂಟೆ ಇತ್ತು. ಅದನ್ನು ಹೊರಲು ಸುದೀಪನೂ ಜತೆಯಾದ. ಶುಂಠಿ ಮಾರಿ ಇಬ್ಬರೂ ಚಹಾ ಅಂಗಡಿಗೆ ಬಂದಾಗ ಚೆನ್ನಯ್ಯ ಬೆಂಚಿನ ಮೇಲೆ ಕೂತಿದ್ದ. ಸುತ್ತ ಅದೇ ಊರಿನ ನಾಲ್ಕಾರು ಜನ ಇದ್ದರು.

“ಏನಪ್ಪ ಪೊಲೀಸ್ ತಾತ, ಪತ್ತೇನೇ ಇಲ್ಲ? ಆರ್ಡರ್ ಬಂತಾ?”

ಮಡಿಕೇರಿಯ ಸಂಗತಿ ಇಲ್ಲಿಗೆ ಬಂದಿದೆ ಎಂದು ಸುದೀಪನಿಗೆ ಆ ದನಿಯಲ್ಲೇ ಗೊತ್ತಾಯಿತು. ತಿಮ್ಮಯ್ಯ ಕೂತುಕೊಂಡು ಚಹಾ ಹೇಳಿದ.

“ಆರ್ಡರ್ ಇಲ್ಲ. ಅದು ಪೊಲೀಸ್ ಪೋಸ್ಟ್ ಅಲ್ಲ. ನಾನು ತಪ್ಪು ತಿಳ್ಕೊಂಡಿದ್ದೆ.”

ಎಲ್ಲರೂ ನಕ್ಕರು. ಚೆನ್ನಯ್ಯ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. “ಹಂಗಾದ್ರೆ ಯಾವ ಪೋಸ್ಟು?”

“ಆಟದ್ದು. ಬುಟ್ಟಿ ಹತ್ರ ನಿಂತ್ಕೊಳ್ಳೋದು. ಯಾರು ಬಂದು ಗುದ್ದಿದ್ರೂ ಜಾಗ ಬಿಡಬಾರದು.”

“ಅಷ್ಟು ಕಲಿಯೋಕೆ ಮೈಸೂರಾ? ಸಂತೆ ದಿನ ಸೋಮವಾರಪೇಟೆ ಬಸ್ಸಲ್ಲಿ ನಿಲ್ಲಿಸು, ಕಲೀತಾಳೆ.”

ಮತ್ತೆ ನಗು. ಈ ಸಲ ಸುದೀಪನಿಗೂ ನಗು ಬಂದಿತ್ತು. ತಡೆದುಕೊಂಡ.

“ಕಳಿಸಲ್ಲ ತಾನೆ?” ಎಂದ ಚೆನ್ನಯ್ಯ. “ಪೋಸ್ಟೂ ಇಲ್ಲ, ಗೀಸ್ಟೂ ಇಲ್ಲ. ಹೆಣ್ಣುಹುಡುಗಿನ ಅಷ್ಟು ದೂರ ಯಾವ ನಂಬಿಕೆ ಮೇಲೆ ಕಳಿಸ್ತೀಯ?”

ತಿಮ್ಮಯ್ಯ ಲೋಟ ಕೆಳಗಿಟ್ಟ.

“ನಿನ್ನ ಮಗನ್ನ ಮೂರು ವರ್ಷ ಡಿಗ್ರಿಗೆ ಕಳಿಸ್ದಾಗ ಯಾವ ಪೋಸ್ಟ್ ಅಂತ ಕೇಳಿದ್ಯಾ?”

“ಅವನು ಓದೋಕೆ ಹೋದ.”

“ಓದಿದ್ರೆ ಸಿಗ್ತದೆ ಅಂತ ಯಾರಾದ್ರೂ ಆರ್ಡರ್ ಕೊಟ್ಟಿದ್ರಾ? ಗೊತ್ತಿಲ್ಲದೇ ತಾನೆ ಕಳಿಸಿದ್ದು? ನನ್ನ ಮೊಮ್ಮಗಳಿಗೊಬ್ಬಳಿಗೆ ಮೊದ್ಲೇ ಆರ್ಡರ್ ಬೇಕಾ?”

“ಅವನು ಗಂಡುಹುಡುಗ ಕಣಯ್ಯ!”

“ಗಂಡುಹುಡುಗ ಈಗ ಬಂಕಲ್ಲಿ ಪೆಟ್ರೋಲ್ ಹಾಕ್ತಾವ್ನೆ. ನನ್ನ ಮೊಮ್ಮಗಳು ಜೂನ್‌ಗೆ ಹೋಗ್ತಾಳೆ.”

ಚೆನ್ನಯ್ಯ ಎದ್ದು ನಿಂತ. ಮಗನ ಮಾತು ಯಾಕೆ ತೆಗೆದೆ ಎಂದು ಜಗಳಕ್ಕೆ ಬಂದ. ಅಂಗಡಿಯವನು ನಡುವೆ ಬಂದು ಬಿಡಿಸಿದ. ಅಲ್ಲಿಂದ ಮುಂದೆ ಮಳೆಗಾಲ ಮುಗಿಯುವವರೆಗೂ ಅವರಿಬ್ಬರಿಗೆ ಮಾತಿರಲಿಲ್ಲ.

ಸುದೀಪ ಮನೆಗೆ ಬಂದವನೇ ನಡೆದದ್ದನ್ನೆಲ್ಲ ಅಕ್ಷರ ಬಿಡದೆ ಹೇಳಿದ. ನೇತ್ರಾವತಿ ಒಲೆಯ ಮುಂದೆ ಕೂತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕಾಳಮ್ಮ ಮೊರ ಕೆಳಗಿಟ್ಟಳು.

“ಆರ್ಡರ್ ಮಾತು ನಂದು.”

“ಹೇಳ್ಲಾ ಅಜ್ಜಿ, ತಾತಂಗೆ?”

“ಬೇಡ. ಇಟ್ಕೊಳ್ಳಲಿ.”

ತಿಮ್ಮಯ್ಯ ಹೊರಗಿನಿಂದ ಕೂಗಿದ: “ದಿವ್ಯಾ! ಮೇಷ್ಟ್ರಿಗೆ ಫೋನ್ ಹಚ್ಚಿ ಕೊಡು.”

ಅವಳು ಹಚ್ಚಿ ಕೊಟ್ಟಳು. ತಿಮ್ಮಯ್ಯ ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿ ಫೋನು ವಾಪಸ್ ಕೊಟ್ಟ. ಅತ್ತ ಕಡೆ ದೇರಪ್ಪ ಇನ್ನೂ ಮಾತಾಡುತ್ತಿದ್ದರು.

ಜೂನ್ ಮೊದಲ ವಾರ ಮಲ್ಲಪ್ಪನೂ ನೇತ್ರಾವತಿಯೂ ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಹಾಸ್ಟೆಲಿಗೆ ಬಿಟ್ಟರು. ಮೊದಲ ತಿಂಗಳು ಅವಳು ಸಂಜೆ ಫೋನು ಮಾಡಿದಾಗಲೆಲ್ಲ ಅತ್ತಳು. ಅಲ್ಲಿ ಅವಳಿಗಿಂತ ಎತ್ತರದ ಹುಡುಗಿಯರು ಮೂವರಿದ್ದರು. ಅವರ ಎದುರು ದಿನವೂ ಸೋಲುತ್ತೇನೆ ಎಂದಳು. ನೇತ್ರಾವತಿ, “ವಾಪಸ್ ಬರ್ತೀಯಾ?” ಎಂದು ಒಮ್ಮೆ ಕೇಳಿದಳು. ದಿವ್ಯಶ್ರೀ ಇಲ್ಲ ಎಂದಳು.

ಅಕ್ಟೋಬರಿನಲ್ಲಿ ಮೈಸೂರಿನಲ್ಲೇ ಒಂದು ಪಂದ್ಯ ಇತ್ತು. ತಿಮ್ಮಯ್ಯ ಒಬ್ಬನೇ ಬಸ್ಸು ಹತ್ತಿ ಹೋದ. ದಿವ್ಯಶ್ರೀ ಪಂದ್ಯ ಮುಗಿಯುವವರೆಗೂ ಬೆಂಚಿನ ಮೇಲೇ ಕೂತಿದ್ದಳು. ತಿಮ್ಮಯ್ಯನೂ ಎದ್ದು ಹೋಗದೆ ಕೂತಿದ್ದ. ಕೊನೆಗೆ ಅವಳು ಮೆಟ್ಟಿಲ ಹತ್ತಿರ ಬಂದಳು.

“ನನ್ನನ್ನ ಆಟಕ್ಕೆ ಇಳಿಸಲಿಲ್ಲ ತಾತ.”

“ನೋಡ್ದೆ.”

“ಇನ್ನೂ ಸ್ವಲ್ಪ ದಿನ ಬೇಕಂತೆ.”

“ಸರಿ. ಉಣ್ಣೋಕೆ ಸರಿಯಾಗಿ ಕೊಡ್ತಾರಾ?”

“ಕೊಡ್ತಾರೆ.”

ಕಾಳಮ್ಮ ಕಟ್ಟಿ ಕೊಟ್ಟಿದ್ದ ಕೋಡುಬಳೆಯ ಡಬ್ಬಿಯನ್ನು ಅವಳ ಕೈಗಿಟ್ಟು ತಿಮ್ಮಯ್ಯ ಸಂಜೆಯ ಬಸ್ಸಿಗೆ ವಾಪಸಾದ.

ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ ಪಂದ್ಯದ ಕೊನೆಯ ಕಾಲು ಭಾಗಕ್ಕೆ ದಿವ್ಯಶ್ರೀಯನ್ನು ಇಳಿಸಿದರು. ಅವಳು ಎರಡು ಅಂಕ ಗಳಿಸಿದಳು. ತಂಡ ಸೋತಿತು.